ಬೀಗರಿಗಾಗಿ ತಂದ ವೈನ್ ರ‍್ಯಾಕು

ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರೂ ಒಂದು ಹನಿ ಕುಡಿದವರಲ್ಲ. ಅಂಥ ವಂಶದ ಕುಡಿಯಾದ ನಾನು, ೨೦೦೨ರ ಮೇ ತಿಂಗಳಲ್ಲಿ, ಒಂದು ವೈನ್ ರ‍್ಯಾಕ್ ಕೊಳ್ಳುವ ಘೋರ ಪ್ರತಿಜ್ಞೆ ಮಾಡಿದೆ! ಅದೂ ಎಂಥದ್ದು? ಇಡೀ ಪುಣೆಯ ಕನ್ನಡಿಗರಲ್ಲಿ ಯಾರ ಮನೆಯಲ್ಲೂ ಇರಬಾರದು, ಅಂಥದ್ದು!

ಕಾರಣ ನನ್ನ ಮಗಳು ರೇಣು. ಅವಳನ್ನು ನೋಡಲು ಮುಂದಿನ ಭಾನುವಾರ ವಿಜಾಪುರದ ಕಡೆಯ ಗಂಡಿನವರು ಬರುವವರಿದ್ದರು. ಹುಡುಗನ ಹೆಸರು ಸ್ವಪ್ನಿಲ್. ತಂದೆ ನಿಜಲಿಂಗಪ್ಪನವರ ಜೊತೆ ನಲವತ್ತು ಎಕರೆ ದ್ರಾಕ್ಷಿ ತೋಟ ನೋಡಿಕೊಂಡಿದ್ದ. ಹಿಂದೆ ಬಂದ ಆರು ಫೋಟೋಗಳಿಗೆ ಮೂಗು ಮುರಿದಿದ್ದ ರೇಣು, ಈ ಏಳನೆಯದನ್ನು ಮಾತ್ರ ತನ್ನ ಎಂ.ಎಸ್ಸಿ. ಪುಸ್ತಕದೊಳಗೆ ಇಟ್ಟುಕೊಂಡು, ಓದುವ ನೆಪದಲ್ಲಿ ಅದನ್ನೇ ನೋಡುತ್ತಿದ್ದಳು. ಈ ಸಂಬಂಧ ನನ್ನಿಂದ ತಪ್ಪಿಹೋದರೆ ಮಗಳಿಗೆ ಮುಖ ತೋರಿಸಲು ನನಗೆ ಆಗುತ್ತಿರಲಿಲ್ಲ.

ಅವರ ದ್ರಾಕ್ಷಿಯೆಲ್ಲ ನಾಸಿಕದ ವೈನ್ ಕಾರ್ಖಾನೆಗಳಿಗೇ ಹೋಗುತ್ತದೆ ಎಂದು ಮಧ್ಯಸ್ಥರು ಫೋನಿನಲ್ಲಿ ಹೇಳಿದ್ದೇ ತಡ, ನನ್ನ ತಲೆ ಓಡತೊಡಗಿತು. ದ್ರಾಕ್ಷಿ ವೈನಿಗೆ ಹೋಗುತ್ತದೆ ಎಂದ ಮೇಲೆ ವೈನು ಅವರ ಮನೆಗೆ ಬಂದೇ ಬರುತ್ತದೆ. ಅಂಥವರ ಮುಂದೆ ಬರೀ ಅವಲಕ್ಕಿ, ಚಹಾ ಇಟ್ಟರೆ ನಮ್ಮನ್ನು ಏನೆಂದುಕೊಂಡಾರು? ಸದಾಶಿವ ಪೇಠದಲ್ಲಿ ನೋಟ್‌ಬುಕ್ಕು, ಪೆನ್ನು ಮಾರುವವನಾದರೇನು, ನನಗೂ ಒಂದು ಅಂತಸ್ತು ಬೇಡವೆ?

ವಿಷಯ ಕೇಳಿ ನನ್ನ ಹೆಂಡತಿ ಅಂಬಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮನ್ಯಾಗ ಲಿಂಗಪೂಜಾ ಆಗ್ತದ. ಒಂದ ಹನಿ ಒಳಗ ಬಂದ್ರ ನಾ ತವರಮನಿಗೆ ಹೋಗಾಕಿ."

"ಹನಿ ಬರೂದಿಲ್ಲ. ಬರೇ ರ‍್ಯಾಕ್ ಬರ್ತದ."

"ಖಾಲಿ ರ‍್ಯಾಕ್ ನೋಡಿದ್ರ, ಎಲ್ಲಾ ಕುಡದು ಮುಗಿಸ್ಯಾರ ಅಂತಾರ."

ಈ ಮಾತಿಗೂ ನನ್ನ ಬಳಿ ಉಪಾಯವಿತ್ತು. ಆದರೆ ಮೊದಲು ರ‍್ಯಾಕು!

ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ಫರ್ನಿಚರ್ ಅಂಗಡಿಯ ಮುದುಕ ಸೇಠರು ಮೂರು ರ‍್ಯಾಕು ತೋರಿಸಿದರು. ಕಬ್ಬಿಣದ್ದು ಆಸ್ಪತ್ರೆಯ ಮಂಚದ ಹಾಗಿತ್ತು. ಬೆತ್ತದ್ದು ನಾನು ಕೆಮ್ಮಿದರೂ ಅಲುಗುತ್ತಿತ್ತು. ಮೂರನೆಯದು ಸಾಗವಾನಿಯದು, ಹನ್ನೆರಡು ಬಾಟಲಿಯದು, ತಲೆಯ ಮೇಲೆ ದ್ರಾಕ್ಷಿ ಗೊಂಚಲಿನ ಕೆತ್ತನೆ ಬೇರೆ! ಗೊಂಚಲು ಕಂಡು ನಾನು ಕರಗಿಹೋದೆ. ಬಿಸಿಲು ಬೀಳದ ತಂಪು ಜಾಗದಲ್ಲೇ ಇಡಬೇಕೆಂದು ಸೇಠರು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು. ಮನೆಯಲ್ಲಿ ಎಷ್ಟು ಬಾಟಲಿ ಇವೆ ಎಂದು ಕೇಳಿದರು. ಸದ್ಯಕ್ಕೆ ಒಂದೂ ಇಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬಿಲ್ಲು ಬರೆದರು. ರಿಕ್ಷಾದಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಧನಕವಡಿಯ ನಮ್ಮ ಫ್ಲ್ಯಾಟಿಗೆ ಬಂದೆ.

ಈಗ ಇಡುವುದೆಲ್ಲಿ? ಟಿವಿಯ ಪಕ್ಕ ಇಟ್ಟರೆ ದೇವರ ಜಗಲಿಗೆ ಎದುರಾಗುತ್ತದೆ ಎಂದು ಅಂಬಾ ಅಡ್ಡ ನಿಂತಳು. ಬಾಗಿಲ ಹಿಂದೆ ಇಟ್ಟರೆ, ಬೀಗರು ಬಾಗಿಲು ತೆರೆದು ಒಳಗೆ ಬಂದ ಕೂಡಲೇ ರ‍್ಯಾಕು ಮಾಯ! ಮನೆಯಲ್ಲಿ ನಿಜವಾಗಿ ತಂಪಾದ ಜಾಗವೆಂದರೆ ಅಡುಗೆಮನೆಯ ಮೂಲೆ. ಅಲ್ಲಿ ಅಂಬಾಳ ಮೊಸರಿನ ಗಡಿಗೆ ವಿರಾಜಮಾನವಾಗಿತ್ತು. ಅದನ್ನು ಕದಲಿಸುವ ಗಂಡಸುತನ ನನಗಿರಲಿಲ್ಲ. ಮೂರು ತಾಸು ಮನೆಯೆಲ್ಲ ರ‍್ಯಾಕಿನ ಮೆರವಣಿಗೆ ನಡೆಸಿ, ಕೊನೆಗೆ ಪಡುವಣ ಕಿಟಕಿಯ ಎದುರಿಗೆ, ಸೋಫಾದ ಮಗ್ಗುಲಿಗೆ ಪ್ರತಿಷ್ಠಾಪಿಸಿದೆ. ಮಧ್ಯಾಹ್ನದ ಬಿಸಿಲು ನೆಟ್ಟಗೆ ಅದರ ಮೇಲೆಯೇ ಬೀಳುತ್ತಿತ್ತು. ಬೀಳಲಿ ಬಿಡಿ, ಒಳಗಿರುವುದು ವೈನಲ್ಲವಲ್ಲ!

ಅದೇ ನನ್ನ ಉಪಾಯ. ರದ್ದಿಯವನ ಹತ್ತಿರ ಹನ್ನೆರಡು ಖಾಲಿ ವೈನ್ ಬಾಟಲಿ ಆರಿಸಿ ತಂದೆ. ಅಂಬಾ ಮೂಗಿಗೆ ಸೆರಗು ಹಿಡಿದುಕೊಂಡು ತೊಳೆದುಕೊಟ್ಟಳು. ಕೋಕಂ, ಅಂದರೆ ಮುರುಗಲ ಹಣ್ಣಿನ ಕೆಂಪು ಸಿಪ್ಪೆ, ನೆನೆಸಿ, ಹಿಂಡಿ, ಕೈತುಂಬ ಬೆಲ್ಲ ಹಾಕಿ ಶರಬತ್ತು ಮಾಡಿದೆ. ಬಣ್ಣವೆಂದರೆ ಅದೇ ಬಣ್ಣ! ಹನ್ನೆರಡನ್ನೂ ತುಂಬಿ, ಲಟ್ಟಣಿಗೆಯಿಂದ ಬೂಚು ಬಡಿದು, ಸಾಲಾಗಿ ಮಲಗಿಸಿದೆ. ಸೂಕ್ಷ್ಮಜೀವಿ ಶಾಸ್ತ್ರದ ಕೊನೆಯ ಪರೀಕ್ಷೆಗೆಂದು ರೇಣು ಭಾನುವಾರ ಬೆಳಗಿನವರೆಗೂ ಗೆಳತಿಯ ಮನೆಯಲ್ಲಿ ಓದುತ್ತ ಕೂತಿದ್ದಳು. ಇದ್ದಿದ್ದರೂ ನಾನು ಅವಳ ಸಲಹೆ ಕೇಳುತ್ತಿರಲಿಲ್ಲ. ವಾರವಿಡೀ ಅಂಗಡಿಯಿಂದ ಬಂದವನೇ ರ‍್ಯಾಕಿನ ಮುಂದೆ ನಿಂತು ಮೀಸೆ ತಿರುವಿದ್ದೇ ತಿರುವಿದ್ದು.

ಭಾನುವಾರ ಬೀಗರು ಮಗ ಸ್ವಪ್ನಿಲ್‌ನನ್ನು ಕರೆದುಕೊಂಡು ಬಂದರು. ನಿಜಲಿಂಗಪ್ಪನವರು ಒಳಗೆ ಕಾಲಿಟ್ಟರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಹಾಲಿನಂಥ ಬಿಳಿ ಧೋತರ! ಅವರು ಸೋಫಾದಲ್ಲಿ ಕೂತು, ಅಂಬಾ ಕೊಟ್ಟ ಅವಲಕ್ಕಿಯ ತಾಟು ಹಿಡಿದು, ಪಕ್ಕದ ರ‍್ಯಾಕಿನತ್ತ ತಿರುಗಿದರು. ಅವಲಕ್ಕಿಯ ಕೈ ಬಾಯಿಯವರೆಗೂ ಹೋಗಲಿಲ್ಲ.

"ಇವೇನ್ರಿ, ಶಿವರುದ್ರಪ್ಪನವರ?"

"ನಿಮ್ಮ ದ್ರಾಕ್ಷಿ ವೈನಿಗೆ ಹೋಗ್ತದಂತ ಕೇಳಿದ್ವಿ, ಅದಕ್ಕ..."

"ದ್ರಾಕ್ಷಿ ಹೋಗ್ತದ್ರಿ. ನಾವು ಹೋಗೂದಿಲ್ಲ."

ಅವರು ತಾಟು ಕೆಳಗಿಟ್ಟು ಟೊಪ್ಪಿಗೆಗೆ ಕೈ ಚಾಚಿದರು. ಚಹಾದ ಟ್ರೇ ಹಿಡಿದು ಬಂದ ರೇಣು ಬಾಗಿಲಲ್ಲೇ ನಿಂತುಬಿಟ್ಟಳು. ಈಗ ನನಗಿದ್ದದ್ದು ಎರಡೇ ದಾರಿ: ಕುಡುಕನಾಗಿ ಉಳಿಯುವುದು, ಇಲ್ಲವೇ ಸುಳ್ಳುಗಾರನಾಗುವುದು. ಸುಳ್ಳುಗಾರನೇ ವಾಸಿ ಎಂದುಕೊಂಡು ಕ್ಯಾಂಪು, ರದ್ದಿಯವನು, ಬೆಲ್ಲ, ಲಟ್ಟಣಿಗೆ ಎಲ್ಲವನ್ನೂ ಕೈಮುಗಿದು ಒಪ್ಪಿಕೊಂಡೆ. ಅವರು ನಂಬಲಿಲ್ಲ. ರುಚಿ ನೋಡಿಯೇ ಬಿಡಿ ಎಂದು ಒಂದು ಬಾಟಲಿ ಎತ್ತಿ ಬೂಚಿಗೆ ಕೈ ಹಾಕಿದೆ.

ಢಮ್! ಬೂಚು ಫ್ಯಾನಿಗೆ ಬಡಿದು, ಅಲ್ಲಿಂದ ಟಿವಿಗೆ ಬಡಿದು, ಸೋಫಾದ ಕೆಳಗೆ ಹೋಯಿತು. ಕೆಂಪು ನೊರೆ ಕಾರಂಜಿಯಾಗಿ ಎದ್ದು ನೇರ ಆ ಬಿಳಿ ಧೋತರದ ಮೇಲೆ! ಗಾಬರಿಯಲ್ಲಿ ನಾನು ರ‍್ಯಾಕಿಗೆ ಒದ್ದೆ. ಢಮ್, ಢಮ್ ಎಂದು ಇನ್ನೂ ನಾಲ್ಕು ಹಾರಿದವು! ಬಾರಿನ ಮುಂದೆ ಹಾಯುವಾಗ ಬರುವ ವಾಸನೆ ನಮ್ಮ ಹಾಲ್ ತುಂಬ ಹರಡಿತು. ಅಂಬಾ ಓಡಿಹೋಗಿ ದೇವರ ಜಗಲಿಗೆ ಪರದೆ ಎಳೆದಳು. ನಿಜಲಿಂಗಪ್ಪನವರು ಧೋತರದ ಚುಂಗು ಎತ್ತಿ ಮೂಸಿದರು. ಹಲವು ವರ್ಷ ವೈನ್ ಕಾರ್ಖಾನೆಗಳ ಬಾಗಿಲಿಗೆ ದ್ರಾಕ್ಷಿ ಇಳಿಸಿದ ಮನುಷ್ಯನ ಮೂಗಿಗೆ ಮೋಸ ಮಾಡುವುದು ಯಾರಿಂದಾದೀತು?

"ಕೊಂಡ ಕುಡಿಯೋರನ್ನ ಭಾಳ ಮಂದೀನ ನೋಡೇನ್ರಿ," ಎಂದರು ಮೆಲ್ಲಗೆ. "ಮನ್ಯಾಗ ತಯಾರ ಮಾಡೋರನ್ನ ಇವತ್ತ ನೋಡಿದೆ."

ರೇಣು ಟ್ರೇ ಇಟ್ಟು ಬಂದು ಒಂದು ಬಾಟಲಿಯನ್ನು ಮುಟ್ಟಿ ನೋಡಿದಳು, ಕಿಟಕಿಯತ್ತ ನೋಡಿದಳು, ನಿಟ್ಟುಸಿರು ಬಿಟ್ಟಳು.

"ಕಾಕಾರ, ಅಪ್ಪಾರು ಖರೇನ ಶರಬತ್ತ ತುಂಬ್ಯಾರ. ಬೆಲ್ಲ ಹಾಕಿ, ಬೂಚ ಬಡದು, ಎಂಟ ದಿನ ಬಿಸಲಾಗ ಮಲಗಿಸ್ಯಾರ. ಅದು ತಾನ ಹುದುಗಿ ಹಿಂಗಾಗ್ಯದ. ವೈನ್ ಮಾಡಬೇಕಂತನ ಮಾಡಿದ್ರ ಇಷ್ಟ ಛಲೋ ಆಗ್ತಿದ್ದಿಲ್ಲ. ನಮ್ಮ ಅಪ್ಪಾರ ಕೈಗುಣ ನನಗ ಗೊತ್ತದ."

ಮೊದಲು ನಕ್ಕವನು ಸ್ವಪ್ನಿಲ್. ತಂದೆಯ ಎದುರು ನಗಬಾರದೆಂದು ಕರವಸ್ತ್ರ ಬಾಯಿಗೆ ತುರುಕಿಕೊಂಡರೂ ಅವನ ಭುಜ ಕುಣಿಯುತ್ತಿತ್ತು. ರೇಣುವೂ ನಕ್ಕುಬಿಟ್ಟಳು. ನಿಜಲಿಂಗಪ್ಪನವರು ಇಬ್ಬರನ್ನೂ ನೋಡಿದರು, ಟೊಪ್ಪಿಗೆಯನ್ನು ಮತ್ತೆ ಟೀಪಾಯಿಯ ಮೇಲಿಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹುಡುಗಿ ತಮಗೆ ಪಸಂದಾಗಿದ್ದಾಳೆ ಎಂದರು. ಅವಳಿಗೆ ಹುಡುಗ ಪಸಂದೋ ಎಂದು ಅವಳನ್ನೇ ಕೇಳಿದರು. ರೇಣು ತಲೆಯಾಡಿಸಿದಳು. ನನಗೆ ಕಣ್ಣಲ್ಲಿ ನೀರೇ ಬಂತು. ಉತ್ಸಾಹ ತಡೆಯಲಾರದೆ, ಮುಂದಿನ ವಾರವೇ ಮನೆ ನೋಡಲು ನಿಮ್ಮ ಊರಿಗೆ ಬರುತ್ತೇವೆ ಎಂದುಬಿಟ್ಟೆ.

ಬೀಗರು ಧೋತರ ಹಿಂಡುತ್ತಾ ಹೇಳಿದರು:

"ಅಗದಿ ಬರ್ರಿ. ಉಣ್ರಿ, ನಾಕ ದಿನ ಇರ್ರಿ. ಆದ್ರ ಒಂದ ಮಾತು. ನಿಮ್ಮನ್ನಷ್ಟ ದ್ರಾಕ್ಷಿ ತೋಟಕ್ಕ ಬಿಡೂದಿಲ್ಲ."