ಮಾವನ ಹುಲ್ಲು, ಬೇವಿನ ಬೀಜ

ನಮ್ಮ ಸೋದರಮಾವನಿಗೆ ಈ ಲೋಕದಲ್ಲಿ ಇರುವುದು ಒಬ್ಬನೇ ಶತ್ರು. ಪಕ್ಕದ ಮನೆಯವರಲ್ಲ, ಹಳೆಯ ಫ್ಯಾಕ್ಟರಿಯ ಮೇಲಧಿಕಾರಿಯಲ್ಲ, ದಾಯಾದಿಗಳಂತೂ ಅಲ್ಲವೇ ಅಲ್ಲ. ಬಸವೇಶ್ವರನಗರದ ಅವರ ಮನೆಯ ಗೇಟಿನಾಚೆ ನಿಂತಿರುವ ಒಂದು ಬೇವಿನ ಮರ. ನಗಬೇಡಿ. ಮರದ ಮೇಲೆ ಹಲ್ಲು ಕಡಿಯುವವರನ್ನು ನೀವು ಕಂಡಿಲ್ಲವಾದರೆ, ಬೇವು ಹಣ್ಣಾಗುವ ಕಾಲದಲ್ಲಿ ಒಂದು ಬೆಳಗ್ಗೆ ನನ್ನ ಜೊತೆ ಬನ್ನಿ, ತೋರಿಸುತ್ತೇನೆ.

ಜಗಳಕ್ಕೆ ಕಾರಣ ಮಾವನ ಲಾನು. ಲಾನು ಎಂದ ತಕ್ಷಣ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ನಾಲ್ಕು ಚಾಪೆ ಹಾಸಿದರೆ ಮುಗಿಯಿತು. ಆ ಬೀದಿಯಲ್ಲಿ ಉಳಿದವರೆಲ್ಲ ಅಷ್ಟು ಜಾಗ ಸಿಕ್ಕಿದ್ದಕ್ಕೆ ಟೈಲ್ಸ್ ಹಾಕಿಸಿ ಕಾರು ನಿಲ್ಲಿಸಿದ್ದಾರೆ, ಇಲ್ಲವೇ ಅಂಗಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ಮಾವ ಹುಲ್ಲು ಬೆಳೆಸಿದ್ದಾರೆ. ಅದರ ಮೇಲೆ ಯಾರೂ ಚಪ್ಪಲಿ ಕಾಲಿಡುವ ಹಾಗಿಲ್ಲ. ಪಾರ್ಸಲ್ ತರುವ ಹುಡುಗರು ಹುಲ್ಲಿನ ಅಂಚಿನಲ್ಲಿ ಸರ್ಕಸ್ಸಿನವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಾಗಿಲು ತಲುಪಬೇಕು. ಬೆಳಗ್ಗೆ ಕಾಫಿ ಆದ ಮೇಲೆ ಅತ್ತೆ ಬರಿಗಾಲಲ್ಲಿ ನಾಲ್ಕಾರು ಸುತ್ತು ಹಾಕುತ್ತಾರೆ. ಪರವಾನಗಿ ಇರುವುದು ಅವರೊಬ್ಬರಿಗೆ.

ಬೇವಿನ ಮರಕ್ಕೆ ಇದ್ಯಾವುದರ ಪರಿವೆಯೂ ಇಲ್ಲ. ಅದರ ಅರ್ಧ ಕೊಂಬೆಗಳು ಕಾಂಪೌಂಡಿನ ಒಳಗಿವೆ. ಹಗಲು ಕೋಗಿಲೆ, ರಾತ್ರಿ ಬಾವಲಿ ಬಂದು ಹಣ್ಣಿನ ತಿರುಳು ಚೀಪಿ ಬೀಜವನ್ನು ಸರಿಯಾಗಿ ಮಾವನ ಹುಲ್ಲಿನ ಮೇಲೇ ಉಗುಳುತ್ತವೆ. ಬೆಳಗಾಗುವಷ್ಟರಲ್ಲಿ ಹಸಿರಿನ ಮೇಲೆ ಹಳದಿ ಹಣ್ಣು, ಬಿಳಿ ಬೀಜ, ಅಂಟು, ವಾಸನೆ. ಪೊರಕೆಗೆ ಆ ಬೀಜ ಬರುವುದಿಲ್ಲ, ಹುಲ್ಲಿನ ಬುಡಕ್ಕೆ ಇಳಿದು ಕೂತಿರುತ್ತದೆ. ಮಾವ ಬೆಳಗ್ಗೆ ಎದ್ದವರೇ ಒಂದು ಅಲ್ಯೂಮಿನಿಯಂ ಬಟ್ಟಲು ಹಿಡಿದು ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಹೆಕ್ಕುತ್ತಾರೆ, ಪ್ರತಿ ಬೀಜಕ್ಕೂ ಮರವನ್ನು ಬೈಯುತ್ತಾರೆ.

ಕೊಂಬೆ ಕಡಿಸಿಬಿಡಿ ಎಂದು ನಾನೊಮ್ಮೆ ಸಲಹೆ ಕೊಟ್ಟೆ. ಒಳಗಿಂದ ಅತ್ತೆ ಬಂದು, ಅದು ಮಾರಮ್ಮ ಕಣೇ, ಬಾಯಿ ತೊಳ್ಕೋ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಅತ್ತೆಗೆ ಮರ ಬೇಕು, ಮಾವನಿಗೆ ಹುಲ್ಲು ಬೇಕು. ಇಬ್ಬರೂ ಒಂದೇ ಸೂರಿನಡಿ ಬಾಳಬೇಕಲ್ಲ? ಹಾಗಾಗಿ ಮಾವ ಉಪಾಯಗಳ ಬೆನ್ನು ಹತ್ತಿದರು.

ಮೊದಲಿಗೆ ಸೋಫಾ ಧೂಳು ತೆಗೆಯುವ ವ್ಯಾಕ್ಯೂಮ್ ಕ್ಲೀನರ್ ಅಂಗಳಕ್ಕೆ ಬಂತು. ಕಿಟಕಿಯಿಂದ ವೈರು ಎಳೆದು ಮಾವ ಗುಂಡಿ ಒತ್ತಿದರು. ಯಂತ್ರ ಒಂದಷ್ಟು ಬೀಜ ನುಂಗಿತು, ಆಮೇಲೆ ಒಂದಷ್ಟು ಹುಲ್ಲು, ಆಮೇಲೆ ಒದ್ದೆ ಮಣ್ಣು ನುಂಗಿ ಬಿಕ್ಕಳಿಸಿ ನಿಂತಿತು. ಮಾವ ಅದನ್ನು ಒರೆಸಿ ಸದ್ದಿಲ್ಲದೆ ಒಳಗಿಟ್ಟರು. ವಾರದ ಮೇಲೆ ಅತ್ತೆ ಸೋಫಾ ಶುಚಿ ಮಾಡಲು ಹೋದಾಗ ಯಂತ್ರಕ್ಕೆ ಜೀವವೇನೋ ಬಂತು, ಹೊಟ್ಟೆಯೊಳಗೆ ಕೊಳೆತಿದ್ದ ಬೇವಿನ ಹಣ್ಣಿನ ಘಾಟು ನಡುಮನೆಯ ತುಂಬ ಹರಡಿತು. ಅಂದು ಬಂದ ನೆಂಟರು, ಗೆದ್ದಲು ಔಷಧಿ ಹೊಡೆಸಿದಿರಾ ಎಂದು ವಿಚಾರಿಸಿಕೊಂಡು ಹೋದರು.

ಮರುವರ್ಷ ಗಿಡುಗನ ಪ್ರಯೋಗ. ಗಿಡುಗನ ಕೂಗು ಕೇಳಿದರೆ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ ಎಂದು ಪಾರ್ಕಿನಲ್ಲಿ ಯಾರೋ ಹೇಳಿದ್ದರಂತೆ. ಮಾವ ಮೊಬೈಲಿನಲ್ಲಿ ಗಿಡುಗನನ್ನು ಕೂಗಿಸಿ ಕಾಂಪೌಂಡಿನ ಮೇಲೆ ಇಟ್ಟರು. ಕೋಗಿಲೆಗಳು ಕತ್ತು ಬಗ್ಗಿಸಿ ಒಮ್ಮೆ ನೋಡಿ ಊಟ ಮುಂದುವರಿಸಿದವು. ಅಷ್ಟರಲ್ಲಿ ನಾನು ಯಾವುದಕ್ಕೋ ಮಾವನಿಗೆ ಫೋನ್ ಮಾಡಿದೆ. ಮಾವನ ರಿಂಗ್‌ಟೋನ್ ಡೋಲು, ನಾಗಸ್ವರ. ಹಕ್ಕಿಗಳೆಲ್ಲ ಒಟ್ಟಿಗೆ ಹಾರಿಹೋದವು! ಅಂದಿನಿಂದ ನನಗೊಂದು ಕೆಲಸ ಗಂಟುಬಿತ್ತು. ಹೊಸಹಳ್ಳಿಯ ನಮ್ಮ ಮನೆಯಲ್ಲಿ ಕೂತು ಮಾವನಿಗೆ ಆಗಾಗ ಫೋನ್ ಮಾಡುತ್ತಿರಬೇಕು, ಅವರು ಎತ್ತುವುದಿಲ್ಲ. ಹಕ್ಕಿಗಳಿಗೆ ನಾಗಸ್ವರ ಅಭ್ಯಾಸವಾಗುವವರೆಗೂ ನಾನು ಈ ಸೇವೆ ಸಲ್ಲಿಸಿದೆ.

ಮೂರನೆಯದು ನಿಜಕ್ಕೂ ಒಳ್ಳೆಯ ಉಪಾಯವೇ. ಹುಲ್ಲಿನ ಮೇಲೆ ಚಪ್ಪರದ ಹಾಗೆ ಬಟ್ಟೆ ಕಟ್ಟಿಬಿಟ್ಟರೆ ಬೀಜ ಅದರ ಮೇಲೆ ಬೀಳುತ್ತದೆ, ಸಂಜೆ ಕೊಡವಿದರಾಯಿತು. ಮಾವ ತಮ್ಮ ಹಳೆಯ ಬಿಳಿ ಪಂಚೆಗಳನ್ನೆಲ್ಲ ಜೋಡಿಸಿ ಹೊಲಿದು, ಕಿಟಕಿಯ ಸರಳಿನಿಂದ ಗೇಟಿನವರೆಗೆ ಬಿಗಿದರು. ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದಲು ಕೂತರು. ಅವರು ಮರೆತದ್ದು ಒಂದೇ, ಅದು ಆಷಾಢ ಮಾಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆಷಾಢದಲ್ಲಿ ಮನೆ ಮುಂದೆ ಬಿಳಿ ಬಟ್ಟೆ ಕಟ್ಟಿ ಕುರ್ಚಿ ಹಾಕಿದ್ದಾರೆ ಎಂದರೆ ಕಂಡವರು ಏನೆಂದುಕೊಳ್ಳಬೇಕು?

ಮಹಾಲಕ್ಷ್ಮಿ ಲೇಔಟಿನ ಅವರ ಹಳೆಯ ಸಹೋದ್ಯೋಗಿಯೊಬ್ಬರು ಆಟೋದಲ್ಲಿ ಹೋಗುತ್ತಾ ಚಪ್ಪರ ಕಂಡರು, ಮುಂದಿನ ತಿರುವಿನಲ್ಲಿ ಇಳಿದು ದೊಡ್ಡದೊಂದು ಹಾರ ಕೊಂಡು ಮುಖ ಸಣ್ಣಗೆ ಮಾಡಿಕೊಂಡು ಬಂದರು. ಗೇಟು ತೆಗೆದವರು ಸಾಕ್ಷಾತ್ ಮಾವ. ಬಂದವರು ಹಾರವನ್ನು ಬೆನ್ನ ಹಿಂದೆ ಸರಿಸಿದರು.

"ನೀವು ಇದೀರಾ? ಮತ್ತೆ ಯಾರು ಸಾರ್?"

"ಯಾರೂ ಇಲ್ರೀ, ಬೀಜ. ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ."

ತಂದ ಹಾರ ವಾಪಸು ಕೊಂಡೊಯ್ಯುವುದು ಹೇಗೆ? ಅತ್ತೆ ಅದನ್ನು ಇಸಿದುಕೊಂಡು ಬೇವಿನ ಮರಕ್ಕೇ ಹಾಕಿ ಕೈಮುಗಿದರು. ಶತ್ರುವಿಗೆ ಸನ್ಮಾನವಾಯಿತೆಂದು ಮಾವ ಅಂದು ರಾತ್ರಿ ಊಟ ಮಾಡಲಿಲ್ಲ.

ಈ ವರ್ಷ ಅತ್ತೆಗೆ ಮಂಡಿ ಆಪರೇಷನ್ ಆಯಿತು. ಆಸ್ಪತ್ರೆಯಿಂದ ನೇರ ಕೆಂಗೇರಿ ಉಪನಗರದಲ್ಲಿರುವ ಮಗಳ ಮನೆಗೆ ಹೋದರು, ಅಲ್ಲಿ ಲಿಫ್ಟ್ ಇದೆ. ಮೊದಲಿನ ಹಾಗೆ ನಡೆಯುತ್ತಾರೋ ಇಲ್ಲವೋ ಎಂಬ ಅಳುಕು ಎಲ್ಲರಿಗೂ ಇತ್ತು. ಮಾವ ಹಗಲೆಲ್ಲ ಅಲ್ಲಿದ್ದು ರಾತ್ರಿಗೆ ಮನೆಗೆ ಬರುತ್ತಿದ್ದರು. ಒಂದು ಭಾನುವಾರ ಬೆಳಗ್ಗೆ ಅವರಿಗೆ ತಿಂಡಿ ಕೊಡಲು ಹೋದ ನಾನು ಗೇಟಿನಲ್ಲೇ ನಿಂತುಬಿಟ್ಟೆ. ಹುಲ್ಲೇ ಕಾಣುತ್ತಿರಲಿಲ್ಲ. ಹಣ್ಣು, ಬೀಜ, ಅಲ್ಲಲ್ಲಿ ಮೊಳಕೆ. ಬಟ್ಟಲು ಮೂಲೆಯಲ್ಲಿ ಬೋರಲು ಬಿದ್ದಿತ್ತು. ಮಾವನಿಗೇ ಹುಷಾರಿಲ್ಲವೇನೋ ಎಂದು ಗೇಟು ತಳ್ಳಿ ಒಳಗೆ ನುಗ್ಗಿದೆ. ಅವರು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು.

"ಹೆಕ್ಕಿಬಿಡ್ಲಾ ಮಾವ?" ಎಂದು ಕೇಳಿದೆ.

"ಬಿಡೇ. ಯಾರಿಗೆ ಅಂತ ಹೆಕ್ತೀಯ? ನಡೆಯೋಳು ಇಲ್ಲಿಲ್ವಲ್ಲ." ಆಮೇಲೆ ಅವರೇ ಹೇಳಿದರು: "ಹುಲ್ಲಿನ ಮೇಲೆ ನಡೆದ್ರೆ ಮಂಡಿ ನೋವು ಗೊತ್ತಾಗಲ್ಲ ಅಂದಿದ್ಲು. ಅದಕ್ಕೆ ತಾನೇ ಹಾಕ್ಸಿದ್ದು. ಬೀಜ ತುಳಿದ್ರೆ ಕಾಲು ಸೊಟ್ಟ ಇಡ್ತಾಳೆ, ಆಗ ಇನ್ನೂ ನೋವು."

ತಿಂಡಿ ಡಬ್ಬಿ ಕೊಟ್ಟು ಅವರ ಪಕ್ಕದಲ್ಲೇ ಕೂತೆ.

ಅತ್ತೆ ಮನೆಗೆ ಬರುವ ದಿನ ಬೆಳಕು ಹರಿಯುವ ಮೊದಲೇ ಮಾವ ಫೋನ್ ಮಾಡಿ ಕರೆಸಿಕೊಂಡರು. ಇಬ್ಬರೂ ಬಟ್ಟಲು ಹಿಡಿದು ಮಂಡಿಯೂರಿ ಹೆಕ್ಕಿದೆವು. ಮಾವ ಅಂದು ಮರವನ್ನು ಬೈಯಲಿಲ್ಲ. ಮಧ್ಯಾಹ್ನ ಅತ್ತೆ ಬಂದರು, ಗೇಟಿನ ಬಳಿಯೇ ಚಪ್ಪಲಿ ಬಿಟ್ಟರು. ಒಂದು ಕೈ ಕೋಲಿನ ಮೇಲೆ, ಒಂದು ಕೈ ಮಾವನ ಹೆಗಲ ಮೇಲೆ. ನಿಧಾನಕ್ಕೆ ಒಂದು ಸುತ್ತು ಹಾಕಿದರು. ಮಾವನ ಕಣ್ಣು ನೆಲದ ಮೇಲೇ ಇತ್ತು. ಒಂದು ಕಡೆ ಅತ್ತೆಯ ಹೆಜ್ಜೆ ತುಸು ತಡೆಯಿತು.

"ಏನಾದ್ರೂ ಚುಚ್ತಾ?" ಎಂದರು ಮಾವ.

"ಇಲ್ಲ, ಮೆತ್ತಗಿದೆ. ನಡೀರಿ," ಎಂದರು ಅತ್ತೆ.

ಅವರಿಬ್ಬರೂ ಒಳಗೆ ಹೋದ ಮೇಲೆ ಅತ್ತೆ ತಡೆದು ನಿಂತಿದ್ದ ಜಾಗವನ್ನು ನೋಡಿದೆ. ಹುಲ್ಲಿನ ಬುಡದಲ್ಲಿ ಒಂದು ಬೇವಿನ ಬೀಜ ಮಣ್ಣಿಗೆ ಒತ್ತಿಕೊಂಡಿತ್ತು. ಮಾವ ಹೊರಗೆ ಬರುವ ಮೊದಲೇ ಅದನ್ನು ಕಿತ್ತು ಗೇಟಿನಾಚೆ ಎಸೆದೆ.