ಊರಿಗೆಲ್ಲ ಕೈಮುಗಿದ ದೊಡ್ಡಪ್ಪ

ಇಚಲಕರಂಜಿಯಲ್ಲಿ ನಮ್ಮ ದೊಡ್ಡಪ್ಪನಷ್ಟು ದೊಡ್ಡ ಪಾಪಿ ಇನ್ನೊಬ್ಬನಿರಲಿಲ್ಲ! ಹಿರಿಯರ ಬಗ್ಗೆ ಹೀಗೆಲ್ಲ ಬರೆಯಬಹುದೇ ಎಂದು ಹುಬ್ಬೇರಿಸಬೇಡಿ. ಈ ಪದವಿಯನ್ನು ನಾನು ಕೊಟ್ಟದ್ದಲ್ಲ, ಅವನೇ ಹಟ ಹಿಡಿದು ಪಡೆದುಕೊಂಡದ್ದು. ಯಾರಾದರೂ ಮರ್ಯಾದೆಗೆ "ನಾನೂ ಪಾಪೀನ ಬಿಡ್ರಿ" ಎಂದರೆ ಅವನಿಗೆ ಸಿಟ್ಟೇ ಬರುತ್ತಿತ್ತು. "ನೀವೇನ್ ಪಾಪ ಮಾಡೀರಿ, ತಲಿ! ನನ್ನ ಮುಂದ ನೀವು ಕೂಸು" ಎಂದು ಬಾಯಿ ಮುಚ್ಚಿಸುತ್ತಿದ್ದ.

ನಮ್ಮದು ಬೆಳಗಾವಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಅಲ್ಲೇ ಬೇರೂರಿದ ಕ್ರೈಸ್ತ ಮನೆತನ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಮುಟ್ಟುವ ಮೊದಲು, ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಹೋಗಿ ರಾಜಿಯಾಗಿ ಬರಬೇಕೆಂದು ಚರ್ಚಿನಲ್ಲಿ ಹೇಳುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆ ಕೆಲಸ ಮುಗಿಸುತ್ತಾರೆ. ದೊಡ್ಡಪ್ಪ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಿದ್ದ! ದೊಡ್ಡವ್ವ ಅಂಗಿ ಹಿಡಿದು ಜಗ್ಗುತ್ತಿದ್ದಳು.

"ಇವತ್ತ ಯಾರು?"

"ಚಹಾದಂಗಡಿಯಾಂವ."

"ರೊಟ್ಟಿ ತಗೊಂಡರ ಹೋಗ್ರಿ!"

"ರೊಟ್ಟಿ ಎಲ್ಲಿ ಓಡಿ ಹೊಕ್ಕೈತಿ?"

ರೊಟ್ಟಿ ಓಡಿಹೋಗುತ್ತಿರಲಿಲ್ಲ, ನಿಜ. ಆದರೆ ಅವನು ತಿರುಗಿ ಬರುವಷ್ಟರಲ್ಲಿ ಪಾದ್ರಿಯವರು ಚರ್ಚಿಗೆ ಬೀಗ ಹಾಕಿ ಊಟಕ್ಕೆ ಹೋಗಿರುತ್ತಿದ್ದರು. ಹೀಗೆ ಎಷ್ಟೋ ವರ್ಷ ಅವನ ಬಾಯಿಗೆ ಕರ್ತನ ರೊಟ್ಟಿ ಬೀಳಲೇ ಇಲ್ಲ.

ಆ ಚಹಾದಂಗಡಿಯ ಕತೆ ಕೇಳಿ. ದೊಡ್ಡಪ್ಪ ಹೋಗಿ ಕೈಮುಗಿದು, "ನಿನ್ನ ಚಹಾ ಭಾಂಡೆ ತೊಳದ ನೀರಿದ್ದಂಗ ಐತಿ ಅಂತ ನಾಕ ಮಂದ್ಯಾಗ ಅಂದೇನಪಾ, ಕ್ಷಮಾ ಮಾಡು" ಎಂದ. ಪಾಪ, ಅವನಿಗೆ ಈ ವಿಷಯ ಗೊತ್ತೇ ಇರಲಿಲ್ಲ! "ಕಧೀ ಮ್ಹಣಾಲಾತ ಹೋ?" ಎಂದು ಮರಾಠಿಯಲ್ಲಿ ವಿಚಾರಣೆ ಶುರುವಾಯಿತು. ಯಾವಾಗ, ಯಾರ ಮುಂದೆ, ಅವರು ನಕ್ಕರೋ ಇಲ್ಲವೋ? ದೊಡ್ಡಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ನಕ್ಕವರ ಹೆಸರನ್ನೂ ಹೇಳಿದ. ಮುಂದಿನ ಸಲ ಆ ನಕ್ಕವರ ಮನೆಗಳಿಗೂ ಹೋಗಬೇಕಾಯಿತು.

ದೊಡ್ಡಪ್ಪನ ಪಕ್ಕದ ಮನೆಯಲ್ಲಿ ನಾಂದಣಿ ಕಡೆಯ ಜೈನರಿದ್ದರು, ನೂಲಿನ ವ್ಯಾಪಾರದವರು. ಅವರಲ್ಲಿ ಪರ್ಯುಷಣದ ಉಪವಾಸಗಳು ಮುಗಿದ ಮೇಲೆ ಕ್ಷಮಾವಾಣಿ ಎಂಬ ಚಂದದ ರೂಢಿ. ತಿಳಿದೋ ತಿಳಿಯದೆಯೋ ಆದ ತಪ್ಪಿಗೆಲ್ಲ ಕಂಡಕಂಡವರಲ್ಲಿ ಕ್ಷಮೆ ಕೇಳುತ್ತಾರೆ. ಎದುರಿನವರೂ ಕೈಮುಗಿದರೆ ಅಲ್ಲಿಗೆ ಮುಗಿಯಿತು. ಒಂದು ವರ್ಷ ಆ ಮನೆಯ ಯಜಮಾನರು ದೊಡ್ಡಪ್ಪನ ಬಾಗಿಲಿಗೂ ಬಂದು ಕೈಮುಗಿದರು. ಆದರೆ ಎದುರಿಗಿದ್ದವನು ನಮ್ಮ ದೊಡ್ಡಪ್ಪನಲ್ಲವೇ!

"ಯಾವ ತಪ್ಪರೀ, ಅಣ್ಣಾ?"

"ಇಂಥಾದ್ದ ಅಂತಿಲ್ರಿ. ಎಲ್ಲಾ ಸೇರಿಸಿ."

"ಹಂಗ ಹೋಲ್‌ಸೇಲ್ ನಡಿಯಂಗಿಲ್ರಿ. ಕೂಡ್ರಿ, ಒಂದೊಂದ ಹೇಳ್ರಿ."

ಆ ಸಾಧು ಮನುಷ್ಯ ಕುಳಿತು, ನೀರು ಕುಡಿದು, ಬಹಳ ಹೊತ್ತು ಯೋಚಿಸಿ, ಗೋಡೆ ದಾಟಿ ಬಾಗಿದ ದೊಡ್ಡಪ್ಪನ ಗಿಡದ ನುಗ್ಗೆಕಾಯಿಗಳನ್ನು ಕೊಯ್ದುಕೊಳ್ಳುತ್ತಿದ್ದುದನ್ನು ಒಪ್ಪಿಕೊಂಡರು. ಒಳಗಿದ್ದ ದೊಡ್ಡವ್ವನಿಗೆ ಅದು ಕೇಳಿಸಿತು. ಅದೇ ನುಗ್ಗೆಕಾಯಿಯ ಸಲುವಾಗಿ ಅವಳು ಹಿಂದಿನ ಮನೆಯವಳ ಜೊತೆ ಮಾತು ಬಿಟ್ಟು ಕುಳಿತಿದ್ದಳು! ಮಾರನೆಯ ವರ್ಷ ಆ ಯಜಮಾನರು ರಸ್ತೆಯಲ್ಲೇ ನಿಂತು ಕೈಮುಗಿದು, ದೊಡ್ಡಪ್ಪ ಬಾಗಿಲು ತೆರೆಯುವ ಮೊದಲೇ ಮಾಯವಾದರು.

ಪಾದ್ರಿಯವರು ಬಂದು ಬುದ್ಧಿ ಹೇಳದೆ ಬಿಟ್ಟರೇ? "ಪಾಪಕ್ಷಮಾಪಣೆ ನಿಮ್ಮ ದುಡಿಮಿಯ ಪಗಾರ ಅಲ್ರಿ, ದೇವರ ದಾನ. ನಿಮ್ಮ ಭಾರ ಕ್ರಿಸ್ತ ಹೊತ್ತ ಆಗೇತಿ. ನೀವು ಕೈ ಚಾಚಿದ್ರ ಸಾಕು."

"ಹೌದ್ರಿ, ಖರೆ ಐತಿ. ಮಂದಿಗೆ ಹೇಳ್ರಿ. ನಂದ ಬ್ಯಾರೆ."

"ಜಗತ್ತಿನ ಪಾಪ ಎಲ್ಲಾ ಹೊತ್ತಾಂವಗ ನಿಮ್ಮದೊಂದ ಭಾರ ಆತೇನ್ರಿ? ಇದು ಗರ್ವ ಆಕ್ಕೈತಿ!"

ದೊಡ್ಡಪ್ಪ ಎದ್ದು ನಿಂತು ಗರ್ವಕ್ಕೂ ಕ್ಷಮೆ ಕೇಳಿದ. ಇಂಥವನಿಗೆ ಏನು ಹೇಳುತ್ತೀರಿ? ಪಾದ್ರಿಯವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಇಷ್ಟೆಲ್ಲ ಊರು ಸುತ್ತಿದವನು ಒಂದು ಬಾಗಿಲಿಗೆ ಮಾತ್ರ ಬರಲಿಲ್ಲ. ಅದು ನಮ್ಮ ಮನೆಯ ಬಾಗಿಲು.

ನಮ್ಮಪ್ಪ ಅವನ ತಮ್ಮ. ಇಬ್ಬರೂ ಒಂದೇ ಕಾರಖಾನೆಯಲ್ಲಿದ್ದರು. ಅಪ್ಪ ನೇಯುವವನು, ದೊಡ್ಡಪ್ಪ ಮಗ್ಗ ದುರಸ್ತಿ ಮಾಡುವ ಜಾಬರ್. ಒಂದು ದಿನ ಅಪ್ಪ, "ಅಣ್ಣಾ, ಲಾಳಿ ಸರಿ ಓಡವಲ್ದು, ನೋಡು" ಎಂದ. "ನಡಸೋ, ಚಹಾ ಕುಡದ ಬಂದ ನೋಡತೇನಿ" ಎಂದ ದೊಡ್ಡಪ್ಪ. ಅವನು ಚಹಾ ಮುಗಿಸುವ ಮೊದಲೇ, ನೂಲು ಹೊತ್ತು ಅತ್ತಿತ್ತ ಓಡುವ ಆ ಲಾಳಿ ಸಿಡಿದು ಬಂದು ಅಪ್ಪನ ಎಡಗಣ್ಣಿಗೆ ಬಡಿಯಿತು. ಆ ಕಣ್ಣು ಮತ್ತೆ ಕಾಣಲಿಲ್ಲ. ಅಪ್ಪ ಮಗ್ಗ ಬಿಟ್ಟು ಗಡಹಿಂಗ್ಲಜಿನಲ್ಲಿ ಹಿಟ್ಟಿನ ಗಿರಣಿ ಹಾಕಿದ.

"ನಾ ಮನಸನ್ಯಾಗ ಏನೂ ಇಟ್ಟಿಲ್ಲ, ಬಾ ಅಂತ ಹೇಳ್ರಿ ವೈನಿ" ಎಂದು ಅಪ್ಪ ದೊಡ್ಡವ್ವನಿಗೆ ಎಷ್ಟು ಸಲ ಫೋನು ಮಾಡಿಲ್ಲ! "ಅಂವ ದೊಡ್ಡ ಮನಸಿನಾಂವ, ಅಂತಾನ. ಕಣ್ಣ ಹೊಳ್ಳಿ ಬರತೈತೇನು?" ಎಂಬುದು ದೊಡ್ಡಪ್ಪನ ಒಂದೇ ಉತ್ತರ. ಒಮ್ಮೆ ಮಾತ್ರ ದೊಡ್ಡವ್ವ ಬೈದು ಬಸ್ಸು ಹತ್ತಿಸಿದಳು. ದೊಡ್ಡಪ್ಪ ಗಡಹಿಂಗ್ಲಜಿನ ಸ್ಟ್ಯಾಂಡಿನಲ್ಲಿ ಇಳಿದ, ದಾರಿಯುದ್ದಕ್ಕೂ ಕಿಟಕಿ ತೆರೆದಿಟ್ಟದ್ದಕ್ಕೆ ಕಂಡಕ್ಟರನ ಕ್ಷಮೆ ಕೇಳಿದ, ಅದೇ ಬಸ್ಸಿನಲ್ಲಿ ವಾಪಸು ಹೋದ! ನಾವು ನಕ್ಕೆವು. ಅಪ್ಪ ಮಾತ್ರ ಅಂಗಳದಲ್ಲಿ ಅವನಿಗಾಗಿ ಹಾಕಿದ್ದ ಕುರ್ಚಿಯನ್ನು ಎತ್ತಿ ಒಳಗಿಟ್ಟು, ಗಿರಣಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಣ್ಣ ತಮ್ಮ ಒಂದಾಗುತ್ತಾರೆಂಬ ಆಸೆ ನನಗೆ ಅವತ್ತೇ ಹೋಯಿತು. ಕ್ಷಮೆ ಎಂಬುದು ಕೊಡುವವರಿಲ್ಲದೆ ಸಿಗುವುದಿಲ್ಲ ಅಂದುಕೊಂಡಿದ್ದೆ. ತೆಗೆದುಕೊಳ್ಳುವವರಿಲ್ಲದೆ ಕೊಳೆಯುತ್ತದೆ ಎಂದು ಗೊತ್ತಿರಲಿಲ್ಲ.

ಹೋದ ವರ್ಷ ದೊಡ್ಡಪ್ಪನನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದರು. ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ದೊಡ್ಡವ್ವನಿಗೆ ಹೇಳಿಯಾಗಿತ್ತು. ಉಸಿರಾಡಲು ಒದ್ದಾಡುತ್ತಲೇ ಅವನು ಸೂಜಿ ಚುಚ್ಚುವ ನರ್ಸಮ್ಮನಿಗೆ, "ನನ್ನ ನರ ಸಿಗವಲ್ದು, ಕ್ಷಮಾ ಮಾಡವ್ವಾ" ಎನ್ನುತ್ತಿದ್ದ. ನಾನು ಅಪ್ಪನನ್ನು ಕರೆದುಕೊಂಡು ಹೋದೆ. ತಮ್ಮನನ್ನು ಕಂಡದ್ದೇ ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಓಡಿಹೋಗಲು ಈ ಸಲ ಬಸ್ಸಿರಲಿಲ್ಲ.

ಅಪ್ಪ ಮೆತ್ತಗೆ ಮಾತಾಡುತ್ತಾನೆ ಅಂದುಕೊಂಡಿದ್ದೆ. ಅವನು ವಾರ್ಡಿಗೆಲ್ಲ ಕೇಳುವಂತೆ ಬೈದ.

"ಏ ಅಣ್ಣಾ, ಈ ಕಡೆ ನೋಡು! ಕಣ್ಣಿಂದ ಬಿಡು, ಅದನ್ನೇನ್ ನೀ ಬೇಕಂತ ಮಾಡಿಲ್ಲ. ನನ್ನ ಮನಿಗೆ ಬರಲಿಲ್ಲಲಾ, ಅದನ್ನ ಬೇಕಂತ ಮಾಡೀದಿ. ನನ್ನ ಮಕ್ಕಳ ಲಗ್ನಕ್ಕ ಬರಲಿಲ್ಲ, ಅವ್ವನ್ನ ಮಣ್ಣ ಮಾಡುವಾಗ ದೂರ ನಿಂತಿ. ಕಣ್ಣ ಒಂದ ಹೋಗಿತ್ತೋ, ಅಣ್ಣನ್ನೂ ಯಾಕ ಕಸಗೊಂಡಿ? ಅದಕ್ಕ ಕೇಳು ಕ್ಷಮಾ. ಕೇಳು!"

ಊರಿಗೆಲ್ಲ ಕೈಮುಗಿದವನು ಗೋಡೆಯಿಂದ ಮುಖ ತಿರುಗಿಸಿ ತಮ್ಮನನ್ನು ನೋಡಿದ. ಕೊನೆಗೆ, "ತಪ್ಪಾತೋ, ತಮ್ಮಾ" ಎಂದ.

"ಹೂಂ. ಕ್ಷಮಾ ಮಾಡೇನಿ. ಈಗ ತಗೋ ಅದನ್ನ, ಹೊಳ್ಳಿ ಕೊಡಬ್ಯಾಡ" ಎಂದು ಅಪ್ಪ ಮಂಚದ ಅಂಚಿಗೆ ಕುಸಿದು ಕುಳಿತು ಅತ್ತ. ಕಾಣದ ಕಣ್ಣಿಗೂ ಅಳು ಬರುತ್ತದೆ ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಎರಡೂ ಕಣ್ಣಿಂದ ನೀರಿಳಿಯುತ್ತಿತ್ತು. ದೊಡ್ಡಪ್ಪ ಹೊದಿಕೆಯ ಚುಂಗು ಹಿಡಿದು, ಮೊದಲು ಎಡಗಣ್ಣನ್ನು ಒರೆಸಿದ.