ಎಂಟಂಕಿಯ ಬೋರ್ಡು

ನಾಲ್ಕನೆಯ ಅಂಕಿ ಅಂಟಿಸುವಷ್ಟರಲ್ಲಿ ಗೋಂದಿನ ಡಬ್ಬಿ ತಳ ಕಂಡಿತು. ಉಳಿದ ನಾಲ್ಕಕ್ಕೆ ಡಬ್ಬಿಯನ್ನೇ ಕೆರೆದು ಸವರಿದ ಬೋರ್ಡಿನವನು, ದೇವರಿದ್ದಾನೆ ಎಂದುಕೊಂಡ.

ಲೆಕ್ಕದ ಮೇಷ್ಟ್ರು ಅಂದು ನಿವೃತ್ತರಾಗುವವರಿದ್ದರು. ಅವರಿಗೆ ಅಚ್ಚುಮೆಚ್ಚಿನ ಸಂಖ್ಯೆ 73939133 ಎಂದು ಹೆಡ್‌ಮೇಡಂ ಚೀಟಿ ಕಳಿಸಿದ್ದರು. ಮರದ ಹಲಗೆ, ಹಿತ್ತಾಳೆಯ ಅಂಕಿಗಳು. ಏನಿದರ ವಿಶೇಷ ಎಂದು ಬೋರ್ಡಿನವನು ಕೇಳಲಿಲ್ಲ. ಮಗ್ಗಿ ಬಾರದ ತನ್ನನ್ನು ಒಂದು ಪೆಟ್ಟೂ ಕೊಡದೆ ದಡ ಸೇರಿಸಿದವರು ಮೇಷ್ಟ್ರು. ಅವರು ಅಳತೆ ಕಲಿಸಿರದಿದ್ದರೆ ಈ ಅಂಗಡಿಯೇ ಇರುತ್ತಿರಲಿಲ್ಲ. "ಬೋರ್ಡು ನನ್ನ ಕಾಣಿಕೆ" ಎಂದುಬಿಟ್ಟಿದ್ದ.

"ಸೊಟ್ಟ ಇದೆಯಲ್ಲೋ, ತಡಿ" ಎಂದು ಪಕ್ಕದಂಗಡಿಯ ದರ್ಜಿ ಹಲಗೆ ಎತ್ತಿ ಕುಲುಕಿದ. ಕೊನೆಯ 3 ಕಪ್ಪೆಯಂತೆ ಚರಂಡಿಗೆ ಹಾರಿತು.

"ಒಂದು ಹೋದ್ರೇನು, ಇನ್ನೂ ಏಳಿದೆ!" ದರ್ಜಿಯ ಸಮಾಧಾನ.

ಬಸ್ಸಿನಲ್ಲಿ ಬೋರ್ಡನ್ನು ಎಳೆಗೂಸಿನಂತೆ ಎದೆಗವಚಿಕೊಂಡು ನಿಂತ. ಕೂತಿದ್ದ ಅಜ್ಜಿಗೆ ಕರುಳು ಚುರುಕ್ ಎಂದಿತು. "ಇಲ್ಲಿ ಕೊಡಪ್ಪಾ, ತೊಡೆ ಮೇಲೆ ಇಟ್ಕೋತೀನಿ" ಎಂದು ಎಳೆದುಕೊಂಡರು. ಇನ್ನೊಂದು 3 ಅವರ ಚೀಲಕ್ಕೆ ಬಿದ್ದು, ಅವರ ಜೊತೆಗೇ ಇಳಿದುಹೋಯಿತು.

"ಅಜ್ಜೀ, ನನ್ನ ಮೂರು!" ಕಿಟಕಿಯಿಂದ ಕೂಗಿದ.

"ನಂಗೂ ಮೂರೇ ಕಣಪ್ಪಾ, ಎಲ್ಲಾ ಗಂಡುಮಕ್ಳು!" ಅಜ್ಜಿ ಕೈ ಬೀಸಿದರು.

ಶಾಲೆಯ ಗೇಟಿನಲ್ಲಿ ಕಾವಲುಗಾರ, "ಧೂಳು ಕೂತಿದೆಯಲ್ಲಣ್ಣಾ" ಎಂದು ಒದ್ದೆ ಬಟ್ಟೆಯಿಂದ ಉಜ್ಜಿದ. 1 ಮತ್ತು 9 ಎರಡೂ ಬಟ್ಟೆಗೇ ಅಂಟಿ ಬಂದವು. ಬೋರ್ಡಿನವನು ಗೋಂದು ಹುಡುಕಿ ಬರುವಷ್ಟರಲ್ಲಿ ಹೆಡ್‌ಮೇಡಂ ಅವಸರದಲ್ಲಿ ನೋಡದೆಯೇ ಬೋರ್ಡಿಗೆ ಹೊದಿಕೆ ಹೊದಿಸಿ ವೇದಿಕೆಗೆ ಸಾಗಿಸಿಯಾಗಿತ್ತು.

ಹೊದಿಕೆ ಸರಿಯಿತು. 7393. ಹೆಡ್‌ಮೇಡಂ ಮುಖ ಸುಟ್ಟ ಬದನೆಕಾಯಿ. ಬೋರ್ಡಿನವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ತುಟಿ ಅಲುಗಿತು. ಕಣ್ಣು ತುಂಬಿತು.

"ಬಲಗಡೆಯಿಂದ ನಾಲ್ಕು ಅಂಕಿ ತೆಗೆದಿದ್ದೀಯ!"

"ಸಾರ್, ಅದು ಏನಾಯ್ತು ಅಂದ್ರೆ..."

"ಎಲ್ಲರೂ ಕೇಳಿ! ನನ್ನ ಸಂಖ್ಯೆ ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ಟು ಯಾವುದರಿಂದಲೂ ಭಾಗ ಆಗಲ್ಲ. ಬಲಗಡೆಯಿಂದ ಒಂದೊಂದೇ ಅಂಕಿ ಕಿತ್ತರೂ ಉಳಿದದ್ದು ಅವಿಭಾಜ್ಯವೇ, ಬರೀ ಏಳು ಉಳಿಯೋವರೆಗೂ! ಇಂಥ ಗುಣ ಇರೋದರಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆ ಇಲ್ಲವೇ ಇಲ್ಲ. ಎಷ್ಟು ಕಳಕೊಂಡರೂ ತನ್ನತನ ಬಿಡಲ್ಲ. ಮನೆಗೆ ಹೊರಟ ಮುದುಕನಿಗೆ ಇದಕ್ಕಿಂತ ಒಳ್ಳೇ ಮಾತು ಯಾರು ಹೇಳ್ತಾರೆ?"

ಮೇಷ್ಟ್ರು ಅವನನ್ನು ಬಿಗಿಯಾಗಿ ತಬ್ಬಿಕೊಂಡರು. "ಮೂವತ್ತೆರಡು ವರ್ಷ ಗಂಟಲು ಹರಕೊಂಡಿದ್ದಕ್ಕೆ ಒಬ್ಬನಿಗಾದ್ರೂ ಅರ್ಥ ಆಯ್ತಲ್ಲ. ದೊಡ್ಡ ಉಪಕಾರ ಮಾಡಿದೆ ಕಣೋ."

ನಿಜ ಹೇಳಲು ಬಾಯಿ ತೆರೆದವನು ಮೇಷ್ಟ್ರ ಕಣ್ಣೀರು ನೋಡಿ ಮುಚ್ಚಿಕೊಂಡ. ದರ್ಜಿಗೆ, ಅಜ್ಜಿಗೆ, ಕಾವಲುಗಾರನಿಗೆ ಮನಸ್ಸಿನಲ್ಲೇ ಕೈ ಮುಗಿದ. ಚಪ್ಪಾಳೆ ಸೂರು ಮುಟ್ಟಿತು.

"ನಾಳೆಯಿಂದ ಹೊತ್ತು ಹೇಗೆ ಕಳೀಲಿ ಅಂತ ಹೆದರಿದ್ದೆ" ಎಂದರು ಮೇಷ್ಟ್ರು, ಅವನ ತೋಳು ಬಿಡದೆ. "ಇಂಥ ತಲೆ ತುಕ್ಕು ಹಿಡಿಯೋಕೆ ಬಿಡ್ತೀನಾ? ದಿನಾ ಬೆಳಗ್ಗೆ ಆರಕ್ಕೇ ನಿನ್ನ ಅಂಗಡಿಗೆ ಬರ್ತೀನಿ. ಮೊದಲು ಬೀಜಗಣಿತ, ಆಮೇಲೆ ತ್ರಿಕೋನಮಿತಿ."

"ನಿಮ್ಮ... ನಿಮ್ಮ ದಯೆ ಸಾರ್" ಎಂದ ಬೋರ್ಡಿನವನು. ಕಾಲು ಆಗಲೇ ಗೇಟಿನ ಕಡೆ ತಿರುಗಿತ್ತು.

ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದರು. "ನಾಳೆವರೆಗೂ ಯಾಕೆ ಕಾಯೋದು? ಬಾ, ಕೂತ್ಕೋ."